ಸ್ಟ್ಯಾಕ್‌ಸ್ಟಾರ್ಮ್‌ನಲ್ಲಿ ಯಾವ ಪ್ಯಾಕ್‌ಗಳಿವೆ? ಪಟ್ಟಿ ತೆಗೆಯುವುದು ಹೇಗೆ, ಓದುವುದು ಹೇಗೆ

ಬೇರೆಯವರು ಕಟ್ಟಿ ಬಿಟ್ಟುಹೋದ ಸ್ಟ್ಯಾಕ್‌ಸ್ಟಾರ್ಮ್ ಸರ್ವರ್ ನಿಮ್ಮ ಪಾಲಿಗೆ ಬಂದಿದೆ ಎಂದುಕೊಳ್ಳಿ. ಕೈಯಿಡುವ ಮೊದಲು ತಿಳಿಯಬೇಕಾದದ್ದು, ಅದರಲ್ಲಿ ಯಾವ ಯಾವ ಪ್ಯಾಕ್‌ಗಳಿವೆ ಎಂಬುದು. ‘ಇಂಥದ್ದು ನಡೆದರೆ ಇಂಥದ್ದು ಮಾಡು’ ಎಂಬ ಕೆಲಸಗಳನ್ನು ತಾನೇ ನಡೆಸಿಕೊಂಡು ಹೋಗುವ ಮುಕ್ತ ತಂತ್ರಾಂಶ ಸ್ಟ್ಯಾಕ್‌ಸ್ಟಾರ್ಮ್. 2019ರಿಂದ ಅದು ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿದೆ. ಹೊರಗಿನ ಯಾವುದಾದರೊಂದು ಸೇವೆಯ ಜೊತೆ ಮಾತನಾಡಲು ಬೇಕಾದ ಆ್ಯಕ್ಷನ್ (ಮಾಡಬೇಕಾದ ಕೆಲಸ), ಸೆನ್ಸರ್ (ಏನಾದರೂ ನಡೆಯಿತೇ ಎಂದು ಗಮನಿಸುವುದು), ರೂಲ್ (ಇವೆರಡನ್ನು ಜೋಡಿಸುವ ನಿಯಮ) ಇವುಗಳನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿದರೆ ಅದೇ ಪ್ಯಾಕ್.

ಮೊದಲು ಸರ್ವರಿಗೆ ಹೋಗಿ ಟರ್ಮಿನಲ್‌ನಲ್ಲಿ ‘ಎಸ್‌ಟಿ2 ಲಾಗಿನ್’ ಎಂದು ಬರೆದು ನಿಮ್ಮ ಬಳಕೆದಾರ ಹೆಸರು ಕೊಡಿ, ಪಾಸ್‌ವರ್ಡ್ ಕೇಳುತ್ತದೆ. (ಆಜ್ಞೆಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಬರೆಯಬೇಕು.) ಹೀಗೆ ಸಿಗುವ ಟೋಕನ್, ಅಂದರೆ ತಾತ್ಕಾಲಿಕ ಪ್ರವೇಶ ಚೀಟಿ, ಸಾಮಾನ್ಯವಾಗಿ 24 ಗಂಟೆ ಬಾಳುತ್ತದೆ. ನಿನ್ನೆ ಸರಿಯಾಗಿದ್ದ ಆಜ್ಞೆ ಇಂದು 401 (‘ನೀವು ಲಾಗಿನ್ ಆಗಿಲ್ಲ’) ಎಂದು ಮುಖ ತಿರುಗಿಸಿದರೆ ಗಾಬರಿ ಬೇಡ, ಮತ್ತೆ ಲಾಗಿನ್ ಆಗಿ.

ನಂತರ ‘ಎಸ್‌ಟಿ2 ಪ್ಯಾಕ್ ಲಿಸ್ಟ್’. ಇಷ್ಟೇ. ಪ್ರತಿ ಪ್ಯಾಕಿಗೂ ಗುರುತು, ಹೆಸರು, ವಿವರಣೆ, ಆವೃತ್ತಿ, ಬರೆದವರು ಎಂಬ ಕಂಬಸಾಲುಗಳ ಕೋಷ್ಟಕ ತೆರೆಯ ಮೇಲೆ ಬರುತ್ತದೆ. ಮುಂದೆ ಪ್ಯಾಕನ್ನು ಕರೆಯುವಾಗಲೆಲ್ಲ ಬೇಕಾಗುವುದು ಮೊದಲ ಕಂಬದಲ್ಲಿರುವ ಗುರುತು, ಎರಡನೆಯದರಲ್ಲಿರುವ ಹೆಸರಲ್ಲ. ಎರಡೂ ಒಂದೇ ಆಗಿರುವುದೇ ಹೆಚ್ಚು, ಆದರೆ ಆಗಿರಲೇಬೇಕೆಂದಿಲ್ಲ.

ನೀವು ಏನನ್ನೂ ಹಾಕದಿದ್ದರೂ ಪಟ್ಟಿ ಖಾಲಿ ಇರುವುದಿಲ್ಲ. ಕೋರ್, ಲಿನಕ್ಸ್, ಚಾಟ್‌ಆಪ್ಸ್, ಡೀಫಾಲ್ಟ್, ಪ್ಯಾಕ್ಸ್ ಎಂಬವು ತಂತ್ರಾಂಶದ ಜೊತೆಯಲ್ಲೇ ಬರುತ್ತವೆ. ಇವುಗಳಲ್ಲಿ ‘ಪ್ಯಾಕ್ಸ್’ ನನಗೆ ಮೊದಲಿನಿಂದಲೂ ಮೋಜೆನಿಸಿದೆ: ಬೇರೆ ಪ್ಯಾಕ್‌ಗಳನ್ನು ಹಾಕುವ, ತೆಗೆಯುವ ಕೆಲಸವನ್ನು ಮಾಡುವುದೇ ಈ ಪ್ಯಾಕ್. ಈ ಐದನ್ನು ಬದಿಗಿಟ್ಟು ಉಳಿದವನ್ನು ನೋಡಿ. ನಿಮಗಿಂತ ಹಿಂದೆ ಇದ್ದವರ ಕೈಕೆಲಸ ಅದು.

ಒಂದೇ ಪ್ಯಾಕಿನ ವಿವರ ಬೇಕಾದರೆ ‘ಎಸ್‌ಟಿ2 ಪ್ಯಾಕ್ ಗೆಟ್’ ಎಂದು ಬರೆದು ಮುಂದೆ ಗುರುತು ಕೊಡಿ. ಇಲ್ಲಿ ಎಡವುವವರು ಬಹಳ, ಏಕೆಂದರೆ ‘ಪ್ಯಾಕ್ ಶೋ’ ಎಂಬ ಇನ್ನೊಂದು ಆಜ್ಞೆಯೂ ಇದೆ. ಅದು ತೋರಿಸುವುದು ಸ್ಟ್ಯಾಕ್‌ಸ್ಟಾರ್ಮ್ ಎಕ್ಸ್‌ಚೇಂಜ್ ಎಂಬ ಸಾರ್ವಜನಿಕ ಭಂಡಾರದಲ್ಲಿರುವ ಪ್ಯಾಕನ್ನು, ನಿಮ್ಮ ಸರ್ವರಿನಲ್ಲಿರುವುದನ್ನಲ್ಲ. ಶೋ ಕೊಟ್ಟ ಆವೃತ್ತಿ ಸಂಖ್ಯೆಯನ್ನು ತಮ್ಮದೆಂದು ವರದಿಯಲ್ಲಿ ಬರೆದವರನ್ನು ನಾನು ಕಂಡಿದ್ದೇನೆ. ಒಮ್ಮೆ ಬರೆದವನು ನಾನೇ. ಪ್ಯಾಕಿನ ಒಳಗೇನಿದೆ ಎಂದು ನೋಡಲು ‘ಎಸ್‌ಟಿ2 ಆ್ಯಕ್ಷನ್ ಲಿಸ್ಟ್’ ಮುಂದೆ ಎರಡು ಅಡ್ಡಗೆರೆ ಹಾಕಿ, ‘ಪ್ಯಾಕ್’ ಎಂದು ಬರೆದು, ಸಮಚಿಹ್ನೆಯ ನಂತರ ಗುರುತು ಕೊಡಬೇಕು. ಸೆನ್ಸರ್, ರೂಲ್‌ಗಳಿಗೂ ಇದೇ ಕ್ರಮ.

ಪಟ್ಟಿ ಹೇಳದೆ ಬಿಡುವುದು

ಈ ಪಟ್ಟಿ ಎಲ್ಲಿಂದ ಬರುತ್ತದೆ ಎಂಬುದು ಗೊತ್ತಿರಬೇಕು. ಆಜ್ಞೆ ಡಿಸ್ಕಿನ ಫೋಲ್ಡರುಗಳನ್ನು ತಡಕುವುದಿಲ್ಲ. ಎಪಿಐ (ತಂತ್ರಾಂಶಗಳು ಪರಸ್ಪರ ಮಾತನಾಡುವ ದಾರಿ) ಮೂಲಕ ಮಾಂಗೋಡಿಬಿ ದತ್ತಸಂಚಯವನ್ನು ಕೇಳುತ್ತದೆ. ಪ್ಯಾಕಿನ ಕಡತಗಳಿರುವುದು ‘ಆಪ್ಟ್’ ಫೋಲ್ಡರಿನ ‘ಸ್ಟ್ಯಾಕ್‌ಸ್ಟಾರ್ಮ್’ ಒಳಗಿನ ‘ಪ್ಯಾಕ್ಸ್’ನಲ್ಲಿ. ಅಂದರೆ ಪಟ್ಟಿ ನೋಂದಣಿ ಪುಸ್ತಕ, ಫೋಲ್ಡರ್ ಸರಕಿರುವ ಕೋಣೆ. ಪುಸ್ತಕದಲ್ಲಿದ್ದದ್ದು ಕೋಣೆಯಲ್ಲಿಲ್ಲ, ಕೋಣೆಯಲ್ಲಿದ್ದದ್ದು ಪುಸ್ತಕದಲ್ಲಿಲ್ಲ ಎನ್ನುವಂತಾಗಲು ಹೆಚ್ಚು ಹೊತ್ತು ಬೇಡ.

ಯಾರೋ ಪ್ಯಾಕನ್ನು ಕೈಯಿಂದಲೇ ಫೋಲ್ಡರಿಗೆ ನಕಲು ಮಾಡಿದರೆನ್ನಿ. ‘ಎಸ್‌ಟಿ2 ಪ್ಯಾಕ್ ರಿಜಿಸ್ಟರ್’ ಕೊಡುವ ತನಕ ಅದು ಪಟ್ಟಿಗೆ ಬರುವುದಿಲ್ಲ. ಪೈಥಾನ್ ಆ್ಯಕ್ಷನ್‌ಗಳಿದ್ದರೆ ಅವುಗಳಿಗೆ ಬೇಕಾದ ವರ್ಚುವಲ್ ಎನ್ವಿರಾನ್‌ಮೆಂಟನ್ನು (ಆ ಪ್ಯಾಕಿಗೆಂದೇ ಇರುವ ಪೈಥಾನ್ ಲೈಬ್ರರಿಗಳ ಜಾಗ) ಬೇರೆಯಾಗಿಯೇ ಸಿದ್ಧಮಾಡಬೇಕು. ಇದಕ್ಕಿಂತ ಕೆಟ್ಟದ್ದು ಫೋಲ್ಡರನ್ನು ಸುಮ್ಮನೆ ಅಳಿಸಿಬಿಡುವುದು. ಪ್ಯಾಕಿನ ಹೆಸರು ಪಟ್ಟಿಯಲ್ಲಿ ಹಾಗೆಯೇ ಕೂತಿರುತ್ತದೆ. ಓಡಿಸಲು ಹೋದಾಗಲೇ ಕಡತವಿಲ್ಲವೆಂದು ಗೊತ್ತಾಗುವುದು. ಬೇಡವಾದ ಪ್ಯಾಕನ್ನು ‘ಎಸ್‌ಟಿ2 ಪ್ಯಾಕ್ ರಿಮೂವ್’ ಮೂಲಕವೇ ತೆಗೆಯಿರಿ.

ಕೆಲಸ ಮಾಡುವ ಯಂತ್ರಗಳು ಒಂದಕ್ಕಿಂತ ಹೆಚ್ಚಿದ್ದರೆ ಇನ್ನೊಂದು ಗಂಟು. ದತ್ತಸಂಚಯ ಎಲ್ಲಕ್ಕೂ ಒಂದೇ, ಫೋಲ್ಡರುಗಳು ಮಾತ್ರ ಯಂತ್ರಕ್ಕೊಂದು. ಹಿಂದೆ ನಾನಿದ್ದ ತಂಡದಲ್ಲಿ ಒಂದು ಆ್ಯಕ್ಷನ್ ಒಮ್ಮೆ ಸರಿಯಾಗಿ ಓಡುತ್ತಿತ್ತು, ಇನ್ನೊಮ್ಮೆ ಬೀಳುತ್ತಿತ್ತು. ಪಟ್ಟಿಯಲ್ಲಿ ಪ್ಯಾಕ್ ಇದ್ದುದರಿಂದ ಅತ್ತ ಯಾರೂ ತಿರುಗಿ ನೋಡಲಿಲ್ಲ. ನೆಟ್‌ವರ್ಕನ್ನು ಶಪಿಸುತ್ತ ಅರ್ಧ ದಿನ ಕಳೆದೆವು. ಕಡೆಗೆ ನೋಡಿದರೆ ಎರಡು ಯಂತ್ರಗಳ ಪೈಕಿ ಒಂದರಲ್ಲಿ ಆ ಪ್ಯಾಕಿನ ಫೋಲ್ಡರೇ ಇರಲಿಲ್ಲ. ಹಾಗಾಗಿ ಪಟ್ಟಿ ತೆಗೆದ ಮೇಲೆ ಪ್ರತಿ ಯಂತ್ರದಲ್ಲೂ ಆ ಫೋಲ್ಡರನ್ನು ಒಮ್ಮೆ ‘ಎಲ್‌ಎಸ್’ (ಫೋಲ್ಡರಿನಲ್ಲಿರುವುದನ್ನು ತೋರಿಸುವ ಆಜ್ಞೆ) ಮಾಡಿ ನೋಡುವುದು ಒಳ್ಳೆಯದು. ಎಲ್ಲ ಯಂತ್ರಗಳಿಗೂ ಒಂದೇ ಹಂಚಿಕೆಯ ಫೋಲ್ಡರ್ ಜೋಡಿಸಿದ್ದರೆ ಈ ತೊಡಕಿಲ್ಲ.

ಪಟ್ಟಿಯನ್ನು ಉಳಿಸಿಟ್ಟುಕೊಳ್ಳಬೇಕೆ? ಆಜ್ಞೆಯ ಕೊನೆಗೆ ಒಂದು ಅಡ್ಡಗೆರೆ, ‘ಜೆ’ ಅಕ್ಷರ ಸೇರಿಸಿದರೆ ಜೇಸನ್ ರೂಪದಲ್ಲಿ, ಅಂದರೆ ತಂತ್ರಾಂಶಗಳು ಸುಲಭವಾಗಿ ಓದುವ ಪಠ್ಯವಾಗಿ, ಬರುತ್ತದೆ. ಸ್ಕ್ರಿಪ್ಟಿಗೆ ಉಣಿಸಲು ಇದು ವಾಸಿ. ‘ಜೆ’ ಬದಲು ‘ಎ’ ಹಾಕಿ ಮುಂದೆ ‘ರೆಫ್ ವರ್ಷನ್’ ಎಂದರೆ ಗುರುತು, ಆವೃತ್ತಿ ಎರಡೇ ಕಂಬ. ಪರೀಕ್ಷೆಯ ಸರ್ವರಿನದೊಂದು, ನಿಜಬಳಕೆಯ ಸರ್ವರಿನದೊಂದು ಹೀಗೆ ಕಡತಕ್ಕಿಳಿಸಿ, ಎರಡು ಕಡತಗಳ ವ್ಯತ್ಯಾಸ ತೋರಿಸುವ ‘ಡಿಫ್’ ಆಜ್ಞೆ ಕೊಟ್ಟರೆ, ‘ನನ್ನ ಕಡೆ ಓಡುತ್ತದಲ್ಲ’ ಎಂಬ ವಾದ ಅಲ್ಲಿಗೇ ತೀರುತ್ತದೆ.