ಡಿಟಿಪಿ ಅಂಗಡಿಗಳಿಗೆ ವಿಂಡೋಸ್ 11: ವಾಪಸ್ ಬಾರದಂತೆ ಹಾಕಿದ್ದು ಹೀಗೆ

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕಲಬುರಗಿಯ ಡಿಟಿಪಿ, ಝೆರಾಕ್ಸ್ ಅಂಗಡಿಯವರು 11 ಹಾಕಿಸಿಕೊಂಡು ವಾರದೊಳಗೆ ‘ಹಳೇದೇ ಹಾಕಿ ಕೊಡ್ರಿ’ ಅಂತ ಬರುವುದು ಸರ್ವಿಸ್‌ನವರಿಗೆಲ್ಲ ಗೊತ್ತು. ‘ಜನ ಒಪ್ಪೂದಿಲ್ಲ’ ಅಂದಿದ್ದ ಜೊತೆಗಾರರೇ ಈಗ ನನ್ನ ಕ್ರಮ ಕೇಳುತ್ತಿದ್ದಾರೆ.

ಸಿಟ್ಟು ಬರುವುದು ಹೊಸತು ಬಂತೆಂದಲ್ಲ, ಕೈ ಹೋದ ಕಡೆ ಬಟನ್ ಸಿಗದಿದ್ದಕ್ಕೆ. 2012ರಲ್ಲಿ ವಿಂಡೋಸ್ 8 ಸ್ಟಾರ್ಟ್ ಬಟನ್ ತೆಗೆದು, ಮರುವರ್ಷ 8.1ರಲ್ಲಿ ಮತ್ತೆ ತಂದದ್ದು ಅದಕ್ಕೇ.

ಹಳೆಯ ಮುಖ ಕೊಡುವ ಹೊರಗಿನ ಸ್ಟಾರ್ಟ್ ಮೆನು ಸಾಫ್ಟ್‌ವೇರ್ ಮೊದಲು ಹಾಕಿ ನೋಡಿದೆ. ದೊಡ್ಡ ಅಪ್‌ಡೇಟ್ ಬಂದಾಗ ಟಾಸ್ಕ್‌ಬಾರೇ ಮಾಯ; ಪುಕ್ಕಟೆ ಸರ್ವಿಸ್‌ಗೆ ಪೆಟ್ರೋಲ್ ಖರ್ಚು ನನ್ನದೇ. ಅದನ್ನು ಬಿಟ್ಟೆ.

ಈಗ ಹಳೆ ಹಾರ್ಡ್‌ಡಿಸ್ಕಿನಲ್ಲಿದ್ದದ್ದನ್ನೆಲ್ಲ ಎಸ್‌ಎಸ್‌ಡಿಗೆ (ವೇಗದ ಡಿಸ್ಕ್) ಇದ್ದಂತೆಯೇ ಕ್ಲೋನ್ ಮಾಡಿ, ಅದರ ಮೇಲೆಯೇ ಅಪ್‌ಗ್ರೇಡ್, ಎರಡೂ ಒಂದೇ ದಿನ. ಒಂದೂವರೆ ನಿಮಿಷ ತೆಗೆದುಕೊಳ್ಳುತ್ತಿದ್ದ ಮಷಿನ್ ಇಪ್ಪತ್ತು ಸೆಕೆಂಡಿನೊಳಗೆ ಏಳುತ್ತದೆ, ಅರ್ಧ ತಕರಾರು ಅಲ್ಲೇ ನಿಲ್ಲುತ್ತದೆ. 256 ಜಿಬಿಗೆ ಆಗ 1,800 ರೂಪಾಯಿ ಆಸುಪಾಸು, ಕೂಲಿ 500.

ಆಮೇಲೆ ಟಾಸ್ಕ್‌ಬಾರ್ ಎಡಕ್ಕೆ, ಕಂಬೈನ್ ‘ನೆವರ್’, ಅಂದರೆ ತೆರೆದ ಪ್ರತಿ ಫೈಲಿಗೂ ಬೇರೆ ಬಟನ್. ಈ ಎರಡನೆಯದು 11ರ ಮೊದಲ ಆವೃತ್ತಿಗಳಲ್ಲಿ ಇರಲಿಲ್ಲ, 2023ರ ಅಪ್‌ಡೇಟಿನಿಂದ ಸಿಗುತ್ತದೆ. ಏಳೆಂಟು ಲಗ್ನಪತ್ರಿಕೆ ಒಟ್ಟಿಗೆ ತೆರೆದಿಡುವವರಿಗೆ ಇದಿಲ್ಲದೆ ನಡೆಯುವುದಿಲ್ಲ. ಬಲ ಕ್ಲಿಕ್‌ನದೇ ದೊಡ್ಡ ಜಗಳ: ಹಳೆ ಸಾಫ್ಟ್‌ವೇರ್‌ಗಳ ಆಯ್ಕೆಗಳು ‘ಶೋ ಮೋರ್ ಆಪ್ಷನ್ಸ್’ ಒಳಗೆ ಹೋದವು. ಶಿಫ್ಟ್ ಒತ್ತಿ ಬಲ ಕ್ಲಿಕ್ ಮಾಡಿದರೆ ಹಳೆಯ ಮೆನು ನೇರ ಬರುತ್ತದೆ, ಆದರೆ ದಿನವಿಡೀ ಅದನ್ನು ಯಾರೂ ಮಾಡುವುದಿಲ್ಲ. ಹಳೆಯ ಮೆನುವನ್ನೇ ಕಾಯಂ ಮಾಡುವ ಕೀಯನ್ನು ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳ ಪಟ್ಟಿ) ಹಾಕಿ. ಅದು ಕರೆಂಟ್ ಯೂಸರ್ ಅಡಿಯಲ್ಲಿ ಕೂರುವುದರಿಂದ ಎರಡು ಲಾಗಿನ್ ಇದ್ದರೆ ಎರಡರಲ್ಲೂ ಹಾಕಬೇಕು, ಆಮೇಲೆ ಎಕ್ಸ್‌ಪ್ಲೋರರ್ ರೀಸ್ಟಾರ್ಟ್. ಇಲ್ಲದಿದ್ದರೆ ಕೆಲಸವಾಗಿಲ್ಲವೆಂದೇ ಕಾಣುತ್ತದೆ.

ಅಪ್‌ಗ್ರೇಡ್ ಆದಮೇಲೆ 10ಕ್ಕೆ ವಾಪಸ್ ಹೋಗುವ ಅವಕಾಶ ಹತ್ತೇ ದಿನ. ಅಪ್‌ಗ್ರೇಡ್ ಆದ ದಿನವೇ ವಿಂಡೋಸ್‌ನದೇ ಡಿಐಎಸ್‌ಎಂ ಎಂಬ ಆಜ್ಞೆಯಿಂದ ಅದನ್ನು 60 ದಿನಕ್ಕೆ ಏರಿಸಿ, ಹಳೆ ವಿಂಡೋಸ್ ಫೈಲು ಅಳಿಸಿ ಹೋಗದಂತೆ ಡಿಸ್ಕ್ ಕ್ಲೀನಪ್ ಮಾಡಬೇಡಿ ಎಂದು ಮಾಲೀಕರಿಗೆ ಹೇಳಿ. ದಾರಿ ಇದೆ ಅಂತ ಗೊತ್ತಿದ್ದರೆ ಅವರು ಅವಸರ ಮಾಡುವುದಿಲ್ಲ.

11 ಒಪ್ಪದ, ನಾಲ್ಕನೇ ಪೀಳಿಗೆಯ ಐ3 ಪ್ರೊಸೆಸರ್ ಇರುವ ಹಳೆ ಮಷಿನ್‌ಗಳಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ ಎಂಬ ಹಗುರ, ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ಪೇಜ್‌ಮೇಕರ್ (ಹಳೆ ಪುಟವಿನ್ಯಾಸ ಸಾಫ್ಟ್‌ವೇರ್) ಮತ್ತು ಹಳೆ ನುಡಿ ಫಾಂಟಿನ ಫೈಲು ಇದ್ದಲ್ಲಿ ಅದು ನಿಲ್ಲಲಿಲ್ಲ. ಬರೀ ಪಹಣಿ, ಆಧಾರ್ ಪ್ರಿಂಟ್ ತೆಗೆಯುವ ಅಂಗಡಿಗಳಲ್ಲಿ ಈಗಲೂ ಓಡುತ್ತಿದೆ.