‘ಮ್ಯಾಶ್’ ನೋಡುವ ಮುನ್ನ ನಗುವಿನ ಸದ್ದು ನಿಲ್ಲಿಸಿ

ಕೊರಿಯಾ ಯುದ್ಧ ನಡೆದದ್ದು 1950ರಿಂದ 1953ರವರೆಗೆ, ಮೂರೇ ವರ್ಷ. ಆ ಯುದ್ಧದ ಒಂದು ಸಂಚಾರಿ ಶಸ್ತ್ರಚಿಕಿತ್ಸಾ ಶಿಬಿರದ ಕಥೆ ಹೇಳುವ ಹಾಸ್ಯ ಧಾರಾವಾಹಿ ‘ಮ್ಯಾಶ್’ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1972ರಿಂದ 1983ರವರೆಗೆ ಬಂತು. ಹನ್ನೊಂದು ಸೀಸನ್, 256 ಕಂತು, ಒಂದೊಂದು ಸುಮಾರು 25 ನಿಮಿಷ. ದಿನಕ್ಕೆರಡು ನೋಡಿದರೂ ನಾಲ್ಕು ತಿಂಗಳು ಹಿಡಿಯುತ್ತದೆ.

ಮೊದಲು ಧ್ವನಿ ಸರಿಮಾಡಿಕೊಳ್ಳಿ. ಹಿನ್ನೆಲೆಯಲ್ಲಿ ಕೇಳುವ ನಗು ವಾಹಿನಿಯ ಒತ್ತಾಯಕ್ಕೆ ಸೇರಿಸಿದ್ದು. ಧಾರಾವಾಹಿಯನ್ನು ರೂಪಿಸಿದ ಲ್ಯಾರಿ ಗೆಲ್ಬಾರ್ಟ್‌ಗೆ ಅದು ಬೇಡವಾಗಿತ್ತು. ಆಪರೇಷನ್ ನಡೆಯುವ ದೃಶ್ಯಗಳಲ್ಲಾದರೂ ನಗು ಬೇಡವೆಂದು ಪಟ್ಟು ಹಿಡಿದು ಗೆದ್ದರು. ಡಿವಿಡಿಯಲ್ಲಿ ಭಾಷೆಯ ಮೆನುವಿಗೆ ಹೋದರೆ ನಗುವಿಲ್ಲದ ಇಂಗ್ಲಿಷ್ ಟ್ರ್ಯಾಕ್ ಸಿಗುತ್ತದೆ, ಅದನ್ನೇ ಹಾಕಿ. ನಗುವಿಗೆಂದು ಬಿಟ್ಟ ಜಾಗ ಮೊದಮೊದಲು ಖಾಲಿ ಹೊಡೆಯುತ್ತದೆ. ಮೂರ್ನಾಲ್ಕು ಕಂತಿನಲ್ಲಿ ಕಿವಿ ಒಗ್ಗಿಕೊಳ್ಳುತ್ತದೆ, ಆಮೇಲೆ ಮಾತಿನ ಹಿಂದಿನ ಆಯಾಸ ಕೇಳಿಸತೊಡಗುತ್ತದೆ. ಮಾತು ಬಲು ಚುರುಕು, ಆಪರೇಷನ್ ದೃಶ್ಯದಲ್ಲಿ ಎಲ್ಲರ ಬಾಯಿಗೂ ಮಾಸ್ಕ್, ಸಬ್‌ಟೈಟಲ್ ಇರಲಿ.

ಡಿಸ್ಕ್ ಕೊಳ್ಳುವಾಗ ರೀಜನ್, ಅಂದರೆ ಅದು ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡುತ್ತದೆ ಎನ್ನುವ ಸಂಖ್ಯೆ, ನೋಡಿ. ಅಮೆರಿಕದ್ದು ರೀಜನ್ 1, ನಮ್ಮ ದೇಶದ ಪ್ಲೇಯರ್‌ಗಳು ರೀಜನ್ 5. ಎಲ್ಲ ರೀಜನ್ ಓದುವ ಪ್ಲೇಯರ್ ಇಲ್ಲದಿದ್ದರೆ ಡಿಸ್ಕ್ ಓಡುವುದೇ ಇಲ್ಲ. ಚಿತ್ರ 4:3 ಅಳತೆಯದು. ಟಿವಿಯ ಅಗಲ ತುಂಬುವಂತೆ ಝೂಮ್ ಮಾಡಿದರೆ ತಲೆ, ಕೈ ಕತ್ತರಿಸಿ ಹೋಗುತ್ತವೆ. ಅಕ್ಕಪಕ್ಕ ಕಪ್ಪು ಪಟ್ಟಿ ಇದ್ದರೆ ಇರಲಿ ಬಿಡಿ.

ಮೊದಲ ಮೂರು ಸೀಸನ್ನುಗಳನ್ನು ಮಾತ್ರ ಬಿಡಿಬಿಡಿಯಾಗಿ ನೋಡಬೇಡಿ, ಪಾತ್ರಗಳ ಬಗ್ಗೆ ಮೊದಲೇ ಓದಲೂ ಬೇಡಿ. ಕಾರಣ, ಮೂರನೆಯ ಸೀಸನ್ನಿನ ಕಡೆಯ ಕಂತಾದ ‘ಅಬಿಸೀನಿಯಾ, ಹೆನ್ರಿ’ಯ ಕಡೆಯ ದೃಶ್ಯ. ಆ ದೃಶ್ಯದ ಚಿತ್ರಕಥೆಯ ಪುಟವನ್ನು ಬಹುತೇಕ ನಟರಿಂದಲೂ ಚಿತ್ರೀಕರಣದ ಹೊತ್ತಿನವರೆಗೆ ಬಚ್ಚಿಟ್ಟಿದ್ದರು. ಶಿಬಿರದ ಗುಮಾಸ್ತ ರೇಡಾರ್ ಮಾಸ್ಕ್ ಇಲ್ಲದೆ ಆಪರೇಷನ್ ಕೋಣೆಯೊಳಗೆ ಬಂದು ಒಂದು ಸುದ್ದಿ ಓದುತ್ತಾನೆ. ಯಾರೂ ಮಾತಾಡುವುದಿಲ್ಲ. ಎಲ್ಲೋ ಒಂದು ಉಪಕರಣ ನೆಲಕ್ಕೆ ಬಿದ್ದು ಠಣ್ ಎನ್ನುತ್ತದೆ. ಅದು ಆಕಸ್ಮಿಕವಾಗಿ ಬಿದ್ದದ್ದು, ಹಾಗೇ ಉಳಿಸಿಕೊಂಡರು. ಈ ಕಂತಿನ ದಿನ ಎರಡನೆಯದನ್ನು ಹಾಕಬೇಡಿ.

ನಾಲ್ಕನೆಯ ಸೀಸನ್ನಿನಿಂದ ಮುಖಗಳು ಬದಲಾಗುತ್ತವೆ: ಕರ್ನಲ್ ಪಾಟರ್, ಬಿ.ಜೆ. ಹನಿಕಟ್; ಆರನೆಯದರಲ್ಲಿ ವಿಂಚೆಸ್ಟರ್. ಇಲ್ಲಿಂದ ಮುಂದೆ ಸಮಯ ಕಡಿಮೆ ಇದ್ದರೆ ಮೂರನ್ನಾದರೂ ನೋಡಿ. ಕಪ್ಪು-ಬಿಳುಪಿನ ‘ದಿ ಇಂಟರ್‌ವ್ಯೂ’ (ಸೀಸನ್ 4), ಗಂಟಲಿಗೆ ಗಾಯವಾಗಿ ಮಾತು ನಿಂತ ಸೈನಿಕನ ಕಣ್ಣೇ ಕ್ಯಾಮೆರಾ ಆಗುವ ‘ಪಾಯಿಂಟ್ ಆಫ್ ವ್ಯೂ’ (ಸೀಸನ್ 7), ಮೂಲೆಯಲ್ಲಿ ಗಡಿಯಾರ ಓಡುತ್ತಲೇ ಇರುವ ‘ಲೈಫ್ ಟೈಮ್’ (ಸೀಸನ್ 8).

ಭೂಪಟವೊಂದು ಕೈಯಲ್ಲಿರಲಿ. ಶಿಬಿರವಿರುವ ಉಯಿಜೊಂಗ್‌ಬು ಸೋಲ್‌ನ ಉತ್ತರಕ್ಕಿದೆ. ಅದೇ ಯುದ್ಧದಲ್ಲಿ ಭಾರತದ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬ್ಯುಲೆನ್ಸ್ ಎಂಬ ಸೇನಾ ವೈದ್ಯಕೀಯ ಘಟಕ ಗಾಯಾಳುಗಳ ಆರೈಕೆ ಮಾಡಿತ್ತು. ಕದನವಿರಾಮದ ನಂತರ ಯುದ್ಧಕೈದಿಗಳ ವಾಪಸಾತಿಯ ಆಯೋಗಕ್ಕೆ ಕೊಡಗಿನ ಸೇನಾಧಿಕಾರಿ ತಿಮ್ಮಯ್ಯನವರೇ ಅಧ್ಯಕ್ಷರು.

1983ರ ಫೆಬ್ರವರಿ 28ರಂದು ಪ್ರಸಾರವಾದ ಕೊನೆಯ ಕಂತು ಎರಡೂವರೆ ಗಂಟೆಯ ಅವಧಿಯದು. ಕೆಲವೆಡೆ ತುಂಡು ಮಾಡಿ ಹಾಕಿರುತ್ತಾರೆ, ಇಡಿಯಾಗಿರುವುದನ್ನೇ ಹುಡುಕಿ. ಅದರಲ್ಲಿ ಬರುವ ಬೆಂಕಿಯನ್ನು ಗಮನಿಸಿ: 1982ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಮಾಲಿಬು ಬೆಟ್ಟಗಳಲ್ಲಿದ್ದ ಹೊರಾಂಗಣ ಸೆಟ್ಟು ಕಾಳ್ಗಿಚ್ಚಿಗೆ ಸಿಕ್ಕಿ ಸುಟ್ಟುಹೋಯಿತು, ಅದನ್ನೇ ಕಥೆಯೊಳಗೆ ತಂದುಕೊಂಡರು.