ಗರ್ಭಿಣಿ ದುಡಿಯುವ ಜಾಗದಲ್ಲಿ ರಾಸಾಯನಿಕ: ಮೊದಲು ಡಬ್ಬಿಯ ಹೆಸರು ಕೇಳಿ

ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ದ್ರಾವಕ (ಸಾಲ್ವೆಂಟ್) ಸಿಂಪಡಿಸಿ ಬಟ್ಟೆಯ ಎಣ್ಣೆ ಕಲೆ ತೆಗೆಯುವವರು, ಬ್ಯಾಟರಿ ಘಟಕದಲ್ಲಿ ಸೀಸ ಮುಟ್ಟುವವರು, ಪಾಲಿಹೌಸ್‌ನಲ್ಲಿ ಔಷಧಿ ಹೊಡೆದ ಗಿಡಗಳ ನಡುವೆ ಹೂ ಕೀಳುವವರು ಗರ್ಭಿಣಿಯಾದಾಗ ಕೇಳುವ ಪ್ರಶ್ನೆ ಒಂದೇ: ಇದು ಮಗುವಿಗೆ ತಾಗುತ್ತದೆಯೇ? ಯಾವ ರಾಸಾಯನಿಕ, ಎಷ್ಟು ಪ್ರಮಾಣ, ಗರ್ಭದ ಎಷ್ಟನೇ ವಾರ ಎಂಬುದರ ಮೇಲೆ ಉತ್ತರ ನಿಂತಿದೆ. ಮಿದುಳು, ಬೆನ್ನುಹುರಿಗಳಾಗುವ ನರನಾಳವು ಗರ್ಭ ಕಟ್ಟಿದ ಸುಮಾರು 28 ದಿನಗಳಲ್ಲೇ ಮುಚ್ಚಿಕೊಳ್ಳುತ್ತದೆ. ಆ ಹೊತ್ತಿಗೆ ಎಷ್ಟೋ ಮಹಿಳೆಯರಿಗೆ ಮುಟ್ಟು ತಡವಾಗಿದೆ ಎಂಬುದಷ್ಟೇ ಗೊತ್ತಿರುತ್ತದೆ. ಆದ್ದರಿಂದ ಮಗು ಬೇಕೆಂದು ಯೋಚಿಸುತ್ತಿರುವಾಗಲೇ ಇದನ್ನೆಲ್ಲ ವಿಚಾರಿಸತೊಡಗುವುದು ಒಳ್ಳೆಯದು.

ಮೊದಲು ಹೆಸರು ತಿಳಿಯಿರಿ. ‘ಥಿನ್ನರ್’, ‘ಕೆಮಿಕಲ್’ ಎಂಬುವು ಹೆಸರಲ್ಲ, ನೀರಿನ ಬಾಟಲಿಗೆ ಸುರಿದಿಟ್ಟಿದ್ದರಂತೂ ಚೀಟಿಯೇ ಇರುವುದಿಲ್ಲ. ಮೇಲ್ವಿಚಾರಕರಲ್ಲಿ ಅದರ ಸೇಫ್ಟಿ ಡೇಟಾ ಶೀಟ್, ಅಂದರೆ ಆ ರಾಸಾಯನಿಕದ ಅಪಾಯ, ಎಚ್ಚರಿಕೆಗಳನ್ನು ಬರೆದಿರುವ ಹಾಳೆ ಕೇಳಿ. ಭೋಪಾಲ್ ದುರಂತದ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಆದ ತಿದ್ದುಪಡಿಯು ಅಪಾಯಕಾರಿ ಪ್ರಕ್ರಿಯೆ ನಡೆಸುವವರು ಕಾರ್ಮಿಕರಿಗೆ ಅಪಾಯದ ಮಾಹಿತಿ ಕೊಡಲೇಬೇಕೆಂದು ವಿಧಿಸಿತು. ಹಾಗಾಗಿ ಕೇಳಲು ಸಂಕೋಚ ಬೇಡ. ಆ ಶೀಟಿನಲ್ಲಿ 16 ಭಾಗಗಳಿರುತ್ತವೆ. ಎರಡನೆಯ ಭಾಗದಲ್ಲಿ ಎಚ್360 (H360) ಎಂಬ ಅಪಾಯದ ಸಂಕೇತವಿದ್ದರೆ ಆ ವಸ್ತು ಸಂತಾನಶಕ್ತಿಗೆ ಅಥವಾ ಹುಟ್ಟಲಿರುವ ಮಗುವಿಗೆ ಹಾನಿ ಮಾಡಬಲ್ಲದು; ಎಚ್361 ಎಂದರೆ ಅಂಥ ಶಂಕೆಯಿದೆ; ಎಚ್362 ಎಂದರೆ ಎದೆಹಾಲು ಕುಡಿಯುವ ಮಗುವಿಗೆ ಅಪಾಯ. ಆ ಪುಟದ ಫೋಟೊ ತೆಗೆದು ವೈದ್ಯರಿಗೆ ತೋರಿಸಿ.

ಸೀಸದ ವಿಷಯದಲ್ಲಿ ಹಳೆಯ ಕೆಲಸವನ್ನೂ ಹೇಳಬೇಕು. ದೇಹವು ಸೀಸವನ್ನು ಕ್ಯಾಲ್ಸಿಯಂ ಎಂದೇ ತಿಳಿದು ಮೂಳೆಯಲ್ಲಿ ದಶಕಗಟ್ಟಲೆ ಕೂಡಿಡುತ್ತದೆ. ಗರ್ಭದಲ್ಲಿ ಮಗುವಿಗೆ ಕ್ಯಾಲ್ಸಿಯಂ ಒದಗಿಸಲು ಮೂಳೆ ಕರಗುವಾಗ ಆ ಸೀಸವೂ ರಕ್ತಕ್ಕಿಳಿದು, ಮಾಸನ್ನು ದಾಟಿ, ಬೆಳೆಯುತ್ತಿರುವ ಮಿದುಳನ್ನು ಮುಟ್ಟುತ್ತದೆ. ಕೆಲಸ ಬಿಟ್ಟು ವರ್ಷಗಳಾಗಿದ್ದರೂ ರಕ್ತದಲ್ಲಿನ ಸೀಸದ ಪರೀಕ್ಷೆ ಕೇಳಿ. ಕಬ್ಬಿಣಾಂಶ, ಕ್ಯಾಲ್ಸಿಯಂ ಕಡಿಮೆಯಿದ್ದರೆ ದೇಹ ಸೀಸವನ್ನು ಹೆಚ್ಚು ಹೀರಿಕೊಳ್ಳುವುದರಿಂದ ಕಬ್ಬಿಣದ ಮಾತ್ರೆ ತಪ್ಪಿಸಬೇಡಿ; ರಾಗಿ, ಹಾಲು ಊಟದಲ್ಲಿರಲಿ.

ದ್ರಾವಕಗಳ ಬಗ್ಗೆ 1999ರಲ್ಲಿ ಕೆನಡಾದ ಟೊರಾಂಟೊದಿಂದ ಬಂದ ಅಧ್ಯಯನವೊಂದು ನೆನಪಿಡಬೇಕಾದದ್ದು. ಅವುಗಳ ನಡುವೆ ದುಡಿದ 125 ಗರ್ಭಿಣಿಯರ ಮಕ್ಕಳಲ್ಲಿ 13 ಮಂದಿಗೆ ದೊಡ್ಡ ಜನ್ಮದೋಷಗಳಿದ್ದವು, ಹೋಲಿಕೆಗೆ ತೆಗೆದುಕೊಂಡ ಗುಂಪಿನಲ್ಲಿ ಒಂದೇ ಮಗುವಿಗೆ. ದೋಷಗಳು ಹೆಚ್ಚಾಗಿ ಕಂಡದ್ದು ಕೆಲಸದ ವೇಳೆ ತಾಯಿಗೂ ತೊಂದರೆಯ ಲಕ್ಷಣಗಳಿದ್ದಲ್ಲಿ. ಅಧ್ಯಯನ ಚಿಕ್ಕದು, ನಿಜ. ಆದರೂ ಆ ಜಾಗದಲ್ಲಿ ತಲೆ ಸುತ್ತಿದರೆ, ಕಣ್ಣು ಉರಿದರೆ ಬಸುರಿನ ಆಯಾಸವೆಂದು ತಳ್ಳಿಹಾಕದೆ ಹೊರಗೆ ಬನ್ನಿ.

ಬಟ್ಟೆಯ ಮಾಸ್ಕ್ ಆಗಲಿ ಎನ್95 ಆಗಲಿ ದ್ರಾವಕದ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಇಂಗಾಲದ ಕಾರ್ಟ್ರಿಜ್ (ಆವಿ ಹೀರುವ ಡಬ್ಬಿ) ಇರುವ ಮುಖವಾಡವೇ ಬೇಕು, ಅದಕ್ಕಿಂತಲೂ ಜಾಗ ಬದಲಾಯಿಸುವುದು ಮೇಲು. ಚೆಕಿಂಗ್ ಅಥವಾ ಪ್ಯಾಕಿಂಗ್‌ಗೆ ಹಾಕುವಂತೆ ಬರವಣಿಗೆಯಲ್ಲಿ ಕೇಳಿ, ವೈದ್ಯರ ಚೀಟಿ ಲಗತ್ತಿಸಿ, ಸ್ವೀಕೃತಿ ಸಹಿಯಿರುವ ಪ್ರತಿಯನ್ನು ತಾಯಿ ಕಾರ್ಡಿನ ಜೊತೆ ಇಟ್ಟುಕೊಳ್ಳಿ. ಗಂಡ ಸೀಸದ ಅಥವಾ ಕೀಟನಾಶಕದ ಕೆಲಸದಲ್ಲಿದ್ದರೆ ಅವರು ಬಟ್ಟೆ ಬದಲಿಸಿಯೇ ಮನೆಗೆ ಬರಲಿ. ಆ ಬಟ್ಟೆಯನ್ನು ಗರ್ಭಿಣಿ ಒಗೆಯಬಾರದು.

ರಾಸಾಯನಿಕ ಈಗಾಗಲೇ ತಾಗಿದ್ದರೆ ಹೆದರಿ ಗರ್ಭ ತೆಗೆಸುವ ನಿರ್ಧಾರಕ್ಕೆ ಬರಬೇಡಿ. ಯಾವ ರಾಸಾಯನಿಕವೂ ಇಲ್ಲದಿದ್ದರೂ 100ರಲ್ಲಿ ಸುಮಾರು 3 ಮಕ್ಕಳು ಯಾವುದಾದರೂ ಜನ್ಮದೋಷದೊಂದಿಗೆ ಹುಟ್ಟುತ್ತವೆ. ರಾಸಾಯನಿಕ ತಾಗಿದ ಬಹುಪಾಲು ಮಕ್ಕಳು ಅಂಗಾಂಗಗಳಲ್ಲಿ ಸರಿಯಾಗಿಯೇ ಇರುತ್ತವೆ. 18ರಿಂದ 20ನೇ ವಾರದ ಸ್ಕ್ಯಾನ್ ಮಾಡಿಸಿ, ಆದರೆ ಕಲಿಕೆ, ನಡವಳಿಕೆಯ ಮೇಲಿನ ಪರಿಣಾಮ ಅದರಲ್ಲಿ ಕಾಣದೆಂಬುದರಿಂದ ಮಗುವಿನ ವೈದ್ಯರಿಗೂ ವಿಷಯ ತಿಳಿಸಿ. ಹೆರಿಗೆ ರಜೆ ಮುಗಿಸಿ ಮರಳಿದ ದಿನ ಡಬ್ಬಿ ಬದಲಾಗಿರಬಹುದು. ಹಾಲೂಡಿಸುತ್ತಿದ್ದರೆ ಎಚ್362 ಇದೆಯೇ ಎಂದು ಶೀಟನ್ನು ಮತ್ತೊಮ್ಮೆ ಕೇಳಿ ನೋಡಿ.